ಪ್ರಾಣಿ ಚಿತ್ರಪುಸ್ತಕದಿಂದ ಕನ್ನಡ ಓದು: ಯಾವ ಬಗೆಯ ಪುಸ್ತಕ ಆರಿಸಬೇಕು?

ಮೂರರಿಂದ ಏಳು ವರ್ಷದೊಳಗಿನ ಮಗುವಿಗೆ ಕನ್ನಡ ಓದು ಹಿಡಿಸಲು ಒಂದೇ ಒಂದು ಪ್ರಾಣಿ ಪುಸ್ತಕ ಕೊಳ್ಳುತ್ತೀರಾ? ಹಾಗಾದರೆ ಅಕ್ಷರಮಾಲೆಯ ಪುಸ್ತಕ ಬೇಡ. ಪುಟಪುಟಕ್ಕೂ ಅದೇ ವಾಕ್ಯ ಮರಳಿ ಬಂದು, ಪ್ರಾಣಿ ಮಾತ್ರ ಬದಲಾಗುವ ಸಣ್ಣ ಕಥೆ ತೆಗೆದುಕೊಳ್ಳಿ. ಎರಡನೇ ಪುಸ್ತಕಕ್ಕೂ ದುಡ್ಡಿದ್ದರೆ ಆಗ ಅಕ್ಷರಮಾಲೆ. ನಮ್ಮಲ್ಲಿ ಸಾಮಾನ್ಯವಾಗಿ ಇದು ಉಲ್ಟಾ ನಡೆಯುತ್ತದೆ. ಹುಟ್ಟುಹಬ್ಬಕ್ಕೆ ಬಂದವರೆಲ್ಲ ‘ಅ ಆ ಇ ಈ’ ಪುಸ್ತಕವನ್ನೇ ತರುತ್ತಾರೆ. ಮನೆಯಲ್ಲಿ ಮೂರು ಅಕ್ಷರಮಾಲೆ ಇರುತ್ತವೆ, ಓದಲು ಒಂದು ವಾಕ್ಯ ಇರುವುದಿಲ್ಲ.

ಶುರುವಿನಲ್ಲೇ ಒಂದು ಮಾತು. ಆನೆಯ ಚಿತ್ರದ ಕೆಳಗೆ ‘ಆನೆ’ ಅಂತ ಬರೆದಿದ್ದರೆ ಮಗು ಆ ಅಕ್ಷರ ನೋಡುತ್ತದೆ ಅಂದುಕೊಳ್ಳುತ್ತೇವೆ. ನೋಡುವುದಿಲ್ಲ. ಕೆನಡಾದ ಮೇರಿ ಆನ್ ಇವಾನ್ಸ್ ಮತ್ತು ಅವರ ಜೊತೆಗಾರರು 2005ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ದೊಡ್ಡವರು ಕಥೆ ಓದಿ ಹೇಳುವಾಗ ಪುಟ್ಟ ಮಕ್ಕಳ ಕಣ್ಣು ಎಲ್ಲಿ ಓಡಾಡುತ್ತದೆ ಎಂದು ಯಂತ್ರ ಇಟ್ಟು ನೋಡಿದರು. ಕಣ್ಣು ಬಹುಪಾಲು ಚಿತ್ರದ ಮೇಲೇ ಇತ್ತು. ಚಿತ್ರ ಚೆನ್ನಾಗಿದ್ದಷ್ಟೂ ಅಕ್ಷರದ ಕಡೆ ಗಮನ ಹೋಗುವುದು ಕಷ್ಟ, ಅಲ್ವಾ? ಅದಕ್ಕೇ ಪುಸ್ತಕ ಯಾವುದೇ ಇರಲಿ, ಓದುವವರ ಬೆರಳು ಸಾಲಿನ ಕೆಳಗೆ ಓಡಬೇಕು. ಮಗುವಿನ ಕಣ್ಣನ್ನು ಚಿತ್ರದಿಂದ ಆಗಾಗ ಅಕ್ಷರಕ್ಕೆ ಕರೆದುಕೊಂಡು ಬರುವುದು ಯಾವ ಬಗೆಯ ಪುಸ್ತಕದಲ್ಲಿ ಸುಲಭ? ಆರಿಸುವಾಗ ಇದನ್ನೇ ನೋಡಬೇಕು.

ಪ್ರಾಣಿಗಳ ಹೆಸರಲ್ಲೇ ಸುಲಭ, ಕಷ್ಟ ಇದೆ

ಹೋಲಿಕೆಗೆ ಇಳಿಯುವ ಮುಂಚೆ ಕನ್ನಡದ ಪ್ರಾಣಿಗಳ ಹೆಸರನ್ನು ಸ್ವಲ್ಪ ವಿಂಗಡಿಸಿಕೊಳ್ಳಬೇಕು. ಇಂಗ್ಲಿಷ್ ಪುಸ್ತಕ ಆರಿಸುವ ಅಳತೆ ಇಲ್ಲಿ ನಡೆಯುವುದಿಲ್ಲ.

ಗುಣಿತ, ಸೊನ್ನೆ, ಒತ್ತು ಏನೂ ಇಲ್ಲದ, ಬರೀ ಮೂಲಾಕ್ಷರದ ಪ್ರಾಣಿ ಹೆಸರು ಹುಡುಕಿ ನೋಡಿ. ‘ಉಡ’ ಸಿಗುತ್ತದೆ. ‘ಬಸವ’ ಸಿಗುತ್ತದೆ. ಆಮೇಲೆ ತಲೆ ಕೆರೆದುಕೊಳ್ಳಬೇಕು. ಅಂದರೆ ‘ಮೊದಲು ಮೂಲಾಕ್ಷರ ಎಲ್ಲ ಮುಗಿಯಲಿ, ಆಮೇಲೆ ಕಾಗುಣಿತ’ ಅಂತ ಕೂತರೆ ಪ್ರಾಣಿ ಪುಸ್ತಕವನ್ನು ವರ್ಷಗಟ್ಟಲೆ ಮುಟ್ಟುವ ಹಾಗೇ ಇಲ್ಲ.

ಎರಡನೇ ಗುಂಪು ದೊಡ್ಡದು, ನಮಗೆ ಬೇಕಾದದ್ದೂ ಇದೇ. ಆನೆ, ಇಲಿ, ನರಿ, ಹಸು, ಕುರಿ, ಗಿಳಿ, ಆಮೆ, ಮೊಲ, ಹಾವು, ಮೀನು, ಕರಡಿ, ನವಿಲು. ಗುಣಿತ ಇದೆ, ಒತ್ತು ಇಲ್ಲ. ಮೂರನೆಯದು ಸೊನ್ನೆಯವು: ಮಂಗ, ಹಂದಿ, ಜಿಂಕೆ, ಒಂಟೆ, ಸಿಂಹ. ನಾಲ್ಕನೆಯದು ಒತ್ತಿನವು. ಇದರೊಳಗೂ ಎರಡು ಬಗೆ. ಬೆಕ್ಕು, ಗುಬ್ಬಿ, ಹದ್ದು, ಚಿಟ್ಟೆ ಇವುಗಳಲ್ಲಿ ಒತ್ತು ಆ ಅಕ್ಷರದ ಚಿಕ್ಕ ರೂಪದ ಹಾಗೇ ಕಾಣುತ್ತದೆ. ಮಗು ಊಹಿಸಬಲ್ಲದು. ಎಮ್ಮೆ, ಕತ್ತೆ, ಎತ್ತು, ಹಲ್ಲಿ ಹಾಗಲ್ಲ. ಮ, ತ, ಲ ಒತ್ತಾದಾಗ ರೂಪವೇ ಬೇರೆ. ಅದನ್ನು ಪ್ರತ್ಯೇಕವಾಗಿ ತೋರಿಸಿಕೊಡಬೇಕು.

ಮನೆ ಸುತ್ತ ದಿನಾ ಕಾಣುವ ಬೆಕ್ಕು, ಎಮ್ಮೆ, ಗುಬ್ಬಿ, ಹಲ್ಲಿ ಎಲ್ಲ ಈ ನಾಲ್ಕನೇ ಗುಂಪಿನಲ್ಲೇ ಬಂದು ಕೂತಿವೆ. ಹಾಗಂತ ಬಿಡಬೇಕಿಲ್ಲ. ‘ಬೆಕ್ಕು’ ಅನ್ನುವುದನ್ನು ಇಡೀ ಪದವಾಗಿ ಗುರುತು ಹಿಡಿಯಲಿ, ಬಿಡಿಸುವುದು ಆಮೇಲೆ. ಆದರೆ ಪುಟಕ್ಕೆ ನಾಲ್ಕೈದು ಒತ್ತು ಇರುವ ಪುಸ್ತಕ ಮೊದಲ ಪುಸ್ತಕ ಆಗಬಾರದು.

ಅಕ್ಷರ ಬೇಗ ಬರಲಿಲ್ಲ ಅಂತ ಗಾಬರಿ ಬೀಳುವವರಿಗೆ ಒಂದು ಮಾಹಿತಿ. ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ ಸೊನಾಲಿ ನಾಗ್ ಅವರ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ನಮ್ಮ ಮಕ್ಕಳು ಕಲಿಯಬೇಕಾದ ಅಕ್ಷರರೂಪಗಳು ಇಂಗ್ಲಿಷಿನ 26ಕ್ಕಿಂತ ಎಷ್ಟೋ ಜಾಸ್ತಿ, ಕಲಿಕೆ ನಾಲ್ಕನೇ ಕ್ಲಾಸಿನವರೆಗೂ ಎಳೆಯುತ್ತದೆ ಎಂದು ಅದು ತೋರಿಸಿತು. ಆ-ನೆ, ನ-ವಿ-ಲು ಅಂತ ಪದವನ್ನು ತುಂಡು ಮಾಡುವ ಶಕ್ತಿ ಬೇಗ ಬರುತ್ತದೆ. ‘ನ’ದೊಳಗೆ ‘ನ್’ ಮತ್ತು ‘ಅ’ ಇದೆ ಅನ್ನುವ ತಿಳಿವಳಿಕೆ ನಿಧಾನ. ಆದ್ದರಿಂದ ಶುರುವಿನಲ್ಲಿ ಚಪ್ಪಾಳೆ ಆಟ ಸಾಕು. ಇಲಿಗೆ ಎರಡು ಚಪ್ಪಾಳೆ, ಕರಡಿಗೆ ಮೂರು, ಬಾತುಕೋಳಿಗೆ ನಾಲ್ಕು. ‘ನ್ + ಅ = ನ’ ಅಂತ ಮೂರು ವರ್ಷದ ಮಗುವಿಗೆ ಹೇಳುವುದು ಸುಮ್ನೆ ದಂಡ.

ಅಕ್ಷರಮಾಲೆಯ ಪ್ರಾಣಿ ಪುಸ್ತಕ

ಇದರ ಲಾಭ ಇಲ್ಲವೆನ್ನುವುದಿಲ್ಲ. ಅಕ್ಷರ ದೊಡ್ಡದಾಗಿ ಇರುತ್ತದೆ, ಕ್ರಮ ಇರುತ್ತದೆ, ಅಜ್ಜ ಅಜ್ಜಿಗೂ ಹೇಳಿಕೊಡುವ ರೀತಿ ಗೊತ್ತಿರುತ್ತದೆ. ಆದರೆ ಪ್ರಾಣಿಗಳನ್ನೇ ಇಟ್ಟು ಕನ್ನಡ ವರ್ಣಮಾಲೆ ತುಂಬಿಸಲು ಹೊರಟವರ ಪಾಡು ನೋಡಬೇಕು. ಅ ಅಳಿಲು, ಆ ಆನೆ, ಇ ಇಲಿ, ಉ ಉಡ, ಊ ಊಸರವಳ್ಳಿ, ಎ ಎಮ್ಮೆ, ಏ ಏಡಿ, ಒ ಒಂಟೆ, ಓ ಓತಿಕೇತ. ಇಷ್ಟು ಚೆಂದ. ಐ ಬಂದಾಗ ಐರಾವತ, ಅಂದರೆ ಮತ್ತೊಂದು ಆನೆ. ಔ ಬಂದಾಗ ಪ್ರಾಣಿ ಕೈಕೊಡುತ್ತದೆ. ಋ ಬಂದರೆ ಋಷಿಯೇ ಗತಿ. ಖ ಖಡ್ಗಮೃಗ, ಘ ಘೇಂಡಾಮೃಗ: ಎರಡೂ ಒಂದೇ ಪ್ರಾಣಿ! ಅದೇ ಚಿತ್ರಕ್ಕೆ ಎರಡು ಹೆಸರು ಕಂಡ ಮಗು ನಿಮ್ಮ ಮುಖ ನೋಡುತ್ತದೆ. ಙ, ಞ ಪುಟಗಳಂತೂ ಖಾಲಿ.

ಒಳ್ಳೆಯ ಅಕ್ಷರಮಾಲೆ ಪುಸ್ತಕವನ್ನು ಕೆಟ್ಟದ್ದರಿಂದ ಬೇರೆ ಮಾಡಲು ನನ್ನದೊಂದು ಪರೀಕ್ಷೆ ಇದೆ. ಅಂಗಡಿಯಲ್ಲಿ ನಿಂತೇ ಮಾಡಬಹುದು. ‘ಕ’ ಪುಟ ತೆರೆಯಿರಿ. ಅಲ್ಲಿ ಕಾಗೆಯೋ ಕೋಳಿಯೋ ಇದ್ದರೆ ಕೆಳಗಿಡಿ. ಮಗುವಿಗೆ ‘ಕ’ ತೋರಿಸಿ ‘ಕಾ’, ‘ಕೋ’ ಓದಿಸಿದರೆ ಏನು ಉಪಯೋಗ? ಕರಡಿ, ಕರು, ಕಪ್ಪೆ, ಕತ್ತೆ ಇದ್ದರೆ ಸರಿ. ಹಾಗೇ ‘ಹ’ಕ್ಕೆ ಹಸು ಇರಬೇಕು, ಹುಲಿ ಅಲ್ಲ. ‘ನ’ಕ್ಕೆ ನರಿ ಅಥವಾ ನವಿಲು, ನಾಯಿ ಅಲ್ಲ. ‘ಗ’ಕ್ಕೆ ಗರುಡ, ಗಿಳಿ ಅಲ್ಲ. ಆಮೇಲೆ ‘ಣ’ ಮತ್ತು ‘ಳ’ ನೋಡಿ. ಈ ಅಕ್ಷರಗಳಿಂದ ನಮ್ಮಲ್ಲಿ ಪದ ಶುರುವಾಗುವುದಿಲ್ಲ. ಬುದ್ಧಿ ಓಡಿಸಿದ ಪ್ರಕಾಶಕರು ಕೋಣದ ಚಿತ್ರ ಹಾಕಿ ಕೊನೆಯ ‘ಣ’ಕ್ಕೆ ಬಣ್ಣ ಬಳಿದಿರುತ್ತಾರೆ. ‘ಳ’ ಇರುವ ಗಿಳಿಯನ್ನೂ ಹಾಗೇ ಬಳಸಿರುತ್ತಾರೆ. ಇಷ್ಟು ಯೋಚಿಸಿದವರು ಉಳಿದ ಪುಟಗಳನ್ನೂ ಯೋಚಿಸಿಯೇ ಮಾಡಿರುತ್ತಾರೆ.

ಇನ್ನೊಂದು ತಕರಾರು ಕ್ರಮದ್ದು. ಅಆಇಈ ಎಂದೇ ಶುರು ಮಾಡಬೇಕು ಎಂಬ ನಿಯಮವನ್ನು ನಮ್ಮ ಸರ್ಕಾರಿ ಶಾಲೆಗಳೇ ಎಂದೋ ಬಿಟ್ಟಿವೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಪದ್ಧತಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಬರೆಯಲು ಸುಲಭ, ಪದ ಕಟ್ಟಲೂ ಬೇಗ ಸಿಗುತ್ತವೆ: ಅರ, ಅರಸ, ದರ, ಸರ, ಗರಗಸ. ಮಗು ನಲಿ-ಕಲಿ ತರಗತಿಯಲ್ಲಿದ್ದರೆ ಮನೆಯಲ್ಲಿ ಅಕ್ಷರಮಾಲೆಯ ಕ್ರಮ ಹಿಡಿದು ಎಳೆಯಬೇಡಿ. ಶಾಲೆಯಲ್ಲಿ ಬಂದ ಅಕ್ಷರವನ್ನು ಪ್ರಾಣಿ ಪುಸ್ತಕದಲ್ಲಿ ಹುಡುಕಿಸಿ. ‘ರ ಎಲ್ಲೆಲ್ಲಿದೆ ನೋಡು’ ಅಂದರೆ ಕರಡಿಯಲ್ಲಿ ಸಿಗುತ್ತದೆ. ನರಿಯಲ್ಲಿ ಗುಡಿಸು ಹಾಕಿಕೊಂಡು, ಕುದುರೆಯಲ್ಲಿ ಎತ್ವ ಹಾಕಿಕೊಂಡು ಕೂತಿರುತ್ತದೆ. ಅಕ್ಷರಮಾಲೆ ಪುಸ್ತಕಕ್ಕೆ ಇದೇ ಒಳ್ಳೆಯ ಬಳಕೆ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಪಾಠ ಒಪ್ಪಿಸಲು ಬಳಸಿದರೆ ಅದು ಪಂಚಾಂಗ ಓದಿದ ಹಾಗೆ.

ಮರಳಿ ಮರಳಿ ಬರುವ ವಾಕ್ಯದ ಕಥೆ

ನಾನು ಮೊದಲ ಸ್ಥಾನ ಕೊಡುವುದು ಇದಕ್ಕೆ. ಹೇಗಿರುತ್ತದೆ ಅಂತ ಒಂದು ಮಾದರಿ ಬರೆದೇ ತೋರಿಸುತ್ತೇನೆ.

ಆನೆ ಬಂತು. ನೀರು ಕುಡಿಯಿತು. ಹೋಯಿತು.
ನರಿ ಬಂತು. ನೀರು ಕುಡಿಯಿತು. ಹೋಯಿತು.
ಮೊಲ ಬಂತು. ನೀರು ಕುಡಿಯಿತು. ಹೋಯಿತು.
ಮೊಸಳೆ ಬಂತು. ನೀರು ಕುಡಿಯಿತು. ಹೋಗಲೇ ಇಲ್ಲ!

ಇಷ್ಟೇ. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಮಗು ‘ನೀರು ಕುಡಿಯಿತು’ ಅಂತ ನಿಮಗಿಂತ ಮೊದಲೇ ಹೇಳುತ್ತದೆ. ಆಗ ನೀವು ಬಾಯಿ ಮುಚ್ಚಿಕೊಂಡು ಬೆರಳು ಮಾತ್ರ ಓಡಿಸಬೇಕು. ಬಾಯಲ್ಲಿ ಬರುವ ಪದಕ್ಕೂ ಬೆರಳಡಿಯ ಪದಕ್ಕೂ ತಾಳೆ ಬೀಳುತ್ತದೆ. ಸಾಲು ಎಡದಿಂದ ಬಲಕ್ಕೆ ಹೋಗುತ್ತದೆ, ಪದ ಮತ್ತು ಪದದ ನಡುವೆ ಜಾಗ ಇದೆ, ಪುಟ ಬೇರೆಯಾದರೂ ‘ಬಂತು’ ಒಂದೇ ತರಹ ಕಾಣುತ್ತದೆ. ಇವೆಲ್ಲ ಪಾಠ ಮಾಡದೇ ಬರುತ್ತವೆ. ಬದಲಾಗುವುದು ಒಂದೇ ಪದ, ಅದರ ಸುಳಿವು ಚಿತ್ರದಲ್ಲಿದೆ. ಹಾಗಾಗಿ ಮೊದಲ ದಿನವೇ ‘ನಾನು ಪುಸ್ತಕ ಓದಿದೆ’ ಅನ್ನುವ ಜಂಬ ಸಿಗುತ್ತದೆ. ಅಕ್ಷರಮಾಲೆ ಪುಸ್ತಕ ಆ ಜಂಬ ಕೊಡುವುದಿಲ್ಲ.

‘ಓದುತ್ತಿಲ್ಲ, ಬಾಯಿಪಾಠ ಒಪ್ಪಿಸುತ್ತಿದ್ದಾಳೆ’ ಅನ್ನುವ ದೂರು ಖಂಡಿತ ಬರುತ್ತದೆ. ನಿಜ, ಶುರುವಿನಲ್ಲಿ ಅದು ಬಾಯಿಪಾಠವೇ. ಅಲ್ಲಿಂದ ಓದಿಗೆ ದಾಟಿಸಬೇಕು. ಚಿತ್ರದ ಮೇಲೆ ಕೈ ಇಟ್ಟು ಮುಚ್ಚಿ, ಪ್ರಾಣಿಯ ಹೆಸರು ಹೇಳು ಅನ್ನಿ. ನರಿಯೋ ಮೊಲವೋ ಎಂದು ಮೊದಲ ಅಕ್ಷರ ನೋಡಲೇಬೇಕಾಗುತ್ತದೆ. ಆಮೇಲೆ ಪದಗಳನ್ನು ಚೀಟಿಯಲ್ಲಿ ಬರೆದು ಕಲಸಿ, ವಾಕ್ಯ ಜೋಡಿಸಲು ಕೊಡಿ. ‘ನೀರು ಬಂತು. ಆನೆ ಕುಡಿಯಿತು’ ಅಂತ ಜೋಡಿಸಿ ನಗುತ್ತಾ ಕೂತರೆ ತಿಳಿದುಕೊಳ್ಳಿ, ಓದು ಬಂತು.

ಈ ಬಗೆಯಲ್ಲೂ ಎಲ್ಲ ಪುಸ್ತಕ ಒಂದೇ ಅಲ್ಲ. ಕ್ರಿಯಾಪದ ನೋಡಿ ಆರಿಸಿ. ‘ಬಂತು’, ‘ಓಡಿತು’ ಇದ್ದರೆ ಸರಿ. ‘ಓಡಿಹೋಗುತ್ತಿತ್ತು’ ಇದ್ದರೆ ಒಂದೇ ಪದಕ್ಕೆ ಆರು ಅಕ್ಷರ, ಎರಡು ಒತ್ತು. ‘ಆಗಮಿಸಿತು’ ಇದ್ದರೆ ಅದು ಬರೆದವರ ತಪ್ಪು. ಪದಗಳ ಎಣಿಕೆ ನಂಬಿಕೊಂಡು ಪುಸ್ತಕ ಆರಿಸಬೇಡಿ ಅನ್ನುವುದೂ ಇದಕ್ಕೇ. ಕನ್ನಡದಲ್ಲಿ ‘ಮರದಮೇಲಿನಿಂದ’ ಅಂತ ಇಡೀ ಸಾಲನ್ನೇ ಒಂದು ಪದ ಮಾಡಿ ಅಂಟಿಸಿಬಿಡಬಹುದು. ಪುಟಕ್ಕೆ ಮೂರೇ ಪದ ಇದೆಯಲ್ಲ ಅಂತ ಕೊಂಡರೆ, ಮಗು ಉಸಿರು ಬಿಡುವುದರೊಳಗೆ ಮೊದಲ ಪದವೇ ಮುಗಿದಿರುವುದಿಲ್ಲ.

ಪುಸ್ತಕದಲ್ಲಿ ‘ಕುಡಿಯಿತು’, ನಾವು ಆಡುವುದು ‘ಕುಡೀತು’. ಓದುವಾಗ ಯಾವುದು ಹೇಳಬೇಕು? ಬೆರಳು ಸಾಲಿನ ಮೇಲಿದ್ದಾಗ ಅಚ್ಚಾದದ್ದನ್ನೇ ಓದಿ. ಬೆರಳು ಎತ್ತಿ ಕಥೆ ಮಾತಾಡುವಾಗ ಮನೆಯ ಮಾತು. ಧಾರವಾಡದ ಮನೆಯಲ್ಲಿ ಹಸುವಿನ ಚಿತ್ರ ನೋಡಿ ‘ಆಕಳ’ ಅಂದ ಮಗು ತಪ್ಪು ಮಾಡಿಲ್ಲ, ಚಿತ್ರ ಓದಿದೆ ಅಷ್ಟೆ. ‘ಹೌದು, ಆಕಳ. ಇಲ್ಲಿ ಹಸು ಅಂತ ಬರೆದಾರ’ ಅಂದರೆ ಸಾಕು. ಮೇಕೆ ಮತ್ತು ಆಡು, ಮಂಗ ಮತ್ತು ಕೋತಿ ಬಂದಾಗಲೂ ಇಷ್ಟೇ.

ಪ್ರಾಣಿಗಳ ಕೂಗು ಇರುವ ಪುಸ್ತಕವನ್ನು ನಾನು ಈ ಗುಂಪಿಗೇ ಸೇರಿಸುತ್ತೇನೆ. ಕೂಗು ಅಕ್ಷರಕ್ಕೆ ಒಳ್ಳೆಯ ಬಾಗಿಲು. ಇದು ಹೊಸದೂ ಅಲ್ಲ. 1658ರಲ್ಲಿ ಯುರೋಪಿನಲ್ಲಿ ಕೊಮೇನಿಯಸ್ ಮಕ್ಕಳಿಗಾಗಿ ತಂದ ಚಿತ್ರಪುಸ್ತಕದ ಅಕ್ಷರಮಾಲೆ ಕಾಗೆಯ ಕೂಗು, ಕುರಿಮರಿಯ ಕೂಗಿನಿಂದಲೇ ಶುರುವಾಗುತ್ತದೆ. ನಮ್ಮಲ್ಲಿ ‘ಕಾ ಕಾ’ ಓದುವಷ್ಟು ಸುಲಭ ಇನ್ನೊಂದಿಲ್ಲ, ಒಂದೇ ಅಕ್ಷರ ಎರಡು ಸಲ. ‘ಅಂಬಾ’ ಪರವಾಗಿಲ್ಲ. ‘ಮಿಯಾಂವ್’ ಮಾತ್ರ ಮೋಸ. ಕೂಗಲು ಸುಲಭ, ಓದಲು ಹೊರಟರೆ ಸೊನ್ನೆಯೂ ಇದೆ, ಅರ್ಧಾಕ್ಷರವೂ ಇದೆ.

ಉಳಿದ ಬಗೆಗಳು

ಅಕ್ಷರವೇ ಇಲ್ಲದ, ಬರೀ ಚಿತ್ರದ ಕಥೆಪುಸ್ತಕ ನೋಡಿ ‘ಇದರಲ್ಲಿ ಓದಲು ಏನಿದೆ’ ಅನ್ನಬೇಡಿ. ಮೂರು ವರ್ಷದ ಮಗುವಿಗೆ, ಮಾತು ತಡವಾಗಿ ಬಂದ ಮಗುವಿಗೆ, ಕನ್ನಡ ಓದಲು ಬಾರದ ಅಪ್ಪ ಅಮ್ಮನಿಗೆ ಇದು ಬೇರೆಲ್ಲಕ್ಕಿಂತ ವಾಸಿ. 1988ರಲ್ಲಿ ಅಮೆರಿಕದ ವೈಟ್‌ಹರ್ಸ್ಟ್ ಮತ್ತು ತಂಡ ತೋರಿಸಿದ್ದು ಇದನ್ನೇ: ದೊಡ್ಡವರು ಓದುತ್ತಾ ಹೋಗಿ ಮಗು ಕೇಳುತ್ತಾ ಕೂರುವುದಕ್ಕಿಂತ, ದೊಡ್ಡವರು ಪ್ರಶ್ನೆ ಕೇಳಿ ಮಗುವೇ ಹೇಳುವ ಹಾಗೆ ಮಾಡಿದರೆ ಮಾತು ಹೆಚ್ಚು ಬೆಳೆಯುತ್ತದೆ. ‘ಇದೇನು?’ ಅಂತ ಕೇಳಿದರೆ ‘ನಾಯಿ’ ಅಂದು ಮುಗಿಯಿತು. ‘ನಾಯಿ ಯಾಕೆ ಮೂಲೆಯಲ್ಲಿ ಕೂತಿದೆ?’ ಅಂತ ಕೇಳಿ. ಮಗು ಹೇಳಿದ್ದನ್ನು ಸ್ವಲ್ಪ ಬೆಳೆಸಿ ತಿರುಗಿ ಹೇಳಿ. ಅದು ಹೇಳಿದ ವಾಕ್ಯವನ್ನೇ ಪೆನ್ಸಿಲಿನಲ್ಲಿ ಪುಟದ ಕೆಳಗೆ ಬರೆದರೆ, ಆ ಪುಸ್ತಕವೇ ಓದುವ ಪುಸ್ತಕವೂ ಆಗುತ್ತದೆ.

ಪ್ರಾಣಿಗಳು ಅಂಗಿ ತೊಟ್ಟು ಮಾತಾಡುವ ಕಥೆ ಒಳ್ಳೆಯದೋ, ಪ್ರಾಣಿ ನಿಜವಾಗಿ ಹೇಗೆ ಬದುಕುತ್ತದೆ ಅಂತ ಹೇಳುವ ಪುಸ್ತಕವೋ? ಟೊರೊಂಟೊದ ಪೆಟ್ರೀಶಿಯಾ ಗೇನಿಯಾ ಮತ್ತು ಜೊತೆಗಾರರು 2014ರಲ್ಲಿ ಮೂರರಿಂದ ಐದು ವರ್ಷದ ಮಕ್ಕಳ ಜೊತೆ ಇದನ್ನು ಪರೀಕ್ಷಿಸಿದರು. ಪ್ರಾಣಿಗಳನ್ನು ಮನುಷ್ಯರ ಹಾಗೆ ಮಾತಾಡಿಸಿದ ಪುಸ್ತಕ ಕೇಳಿದ ಮಕ್ಕಳು ಆ ಪ್ರಾಣಿಗಳ ಬಗ್ಗೆ ನಿಜ ಸಂಗತಿ ಕಡಿಮೆ ಕಲಿತರು. ನಿಜವಾದ ಪ್ರಾಣಿಗೂ ಮನುಷ್ಯರ ಗುಣ ಹಚ್ಚುವುದು ಜಾಸ್ತಿಯಾಯಿತು. ಆದ್ದರಿಂದ ಗುಬ್ಬಿ ಗೂಡು ಕಟ್ಟುವ ವಿಷಯ ತಿಳಿಯಲು ಮಾಹಿತಿ ಪುಸ್ತಕವೇ ಸರಿ. ಓದು ಹಿಡಿಸುವ ಕೆಲಸಕ್ಕೆ ಮಾತ್ರ ಮಾತಾಡುವ ನರಿ ನನಗೆ ಅಡ್ಡಿಯಿಲ್ಲ. ‘ನಾನು ಬರಲ್ಲ’ ಅಂತ ನರಿಯ ದನಿ ತೆಗೆದು ಓದುವ ಮಜಾ ಮಾಹಿತಿ ಪುಸ್ತಕದಲ್ಲಿ ಎಲ್ಲಿಂದ ಬರಬೇಕು? ಮಾಹಿತಿ ಪುಸ್ತಕ ಆರು ವರ್ಷದ ನಂತರ ಇರಲಿ. ‘ಸಸ್ತನಿ’, ‘ಮಾಂಸಾಹಾರಿ’ ಅಂತ ಒತ್ತಕ್ಷರ, ಉದ್ದ ಪದ ಅಲ್ಲಿ ತಪ್ಪುವುದಿಲ್ಲ.

ಬಾಗಿಲು ಎತ್ತಿದರೆ ಬೆಕ್ಕು, ಗುಂಡಿ ಒತ್ತಿದರೆ ಸಿಂಹದ ಗರ್ಜನೆ: ಇಂಥವಕ್ಕೆ ಜಾಸ್ತಿ ದುಡ್ಡು ಕೊಡಬೇಡಿ. 2010ರಲ್ಲಿ ಅಮೆರಿಕದಲ್ಲಿ ಎದ್ದು ನಿಲ್ಲುವ ಚಿತ್ರಗಳ ಪ್ರಾಣಿ ಪುಸ್ತಕವನ್ನೂ ಸಾದಾ ಪುಸ್ತಕವನ್ನೂ ಪುಟ್ಟ ಮಕ್ಕಳಿಗೆ ಕೊಟ್ಟು ಹೋಲಿಸಿದಾಗ, ಸಾದಾ ಚಿತ್ರದಿಂದಲೇ ಕಲಿಕೆ ಹೆಚ್ಚಾಗಿತ್ತು. ಕೈ ಆಟಕ್ಕೆ ಹೋಗುತ್ತದೆ, ಕಣ್ಣು ಕೈ ಹಿಂದೆ ಹೋಗುತ್ತದೆ. ಆಟಿಕೆ ಅಂತ ಕೊಳ್ಳುವುದಾದರೆ ಬೇರೆ ಮಾತು.

ಎರಡು ಭಾಷೆಯ ಪುಸ್ತಕ, ಅಂದರೆ ಚೆನ್ನೈನ ತೂಲಿಕಾದವರು ತರುವಂಥ ಇಂಗ್ಲಿಷ್-ಕನ್ನಡ ಪುಸ್ತಕ, ಹೊರನಾಡಿನ ಕನ್ನಡ ಮನೆಗಳಿಗೆ ನಿಜವಾಗಿ ಉಪಯೋಗ. ಅಪ್ಪ ಅಮ್ಮರಲ್ಲಿ ಒಬ್ಬರಿಗೇ ಕನ್ನಡ ಬರುತ್ತಿದ್ದರೆ ಇಬ್ಬರೂ ಅದೇ ಕಥೆ ಹೇಳಬಹುದು. ತೊಂದರೆ ಒಂದೇ. ಇಂಗ್ಲಿಷ್ ಓದಲು ಬಂದ ಮಗುವಿನ ಕಣ್ಣು ಇಂಗ್ಲಿಷಿಗೇ ಜಾರುತ್ತದೆ. ಕನ್ನಡ ಓದುವಾಗ ಇಂಗ್ಲಿಷ್ ಸಾಲಿನ ಮೇಲೆ ಒಂದು ಪಟ್ಟಿ ಕಾಗದ ಇಟ್ಟುಬಿಡಿ. ಬೆಂಗಳೂರು, ಮೈಸೂರಿನಲ್ಲಿ ಸುತ್ತಲೂ ಕನ್ನಡವೇ ಇರುವ ಮಗುವಿಗೆ ಬರೀ ಕನ್ನಡದ್ದೇ ಸಾಕು. ಪುಟದ ಅರ್ಧ ಜಾಗ ಇಂಗ್ಲಿಷಿಗೆ ಯಾಕೆ ಕೊಡಬೇಕು?

ಅಚ್ಚಿನದೋ, ಫೋನಿನದೋ

ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ರಾಶಿ ಇವೆ, ಎಲ್ಲ ಉಚಿತ. ಮುಕ್ತ ಪರವಾನಗಿ ಇರುವುದರಿಂದ ಇಳಿಸಿಕೊಂಡು ಮುದ್ರಿಸಿಕೊಳ್ಳಬಹುದು. ಓದಿನ ಹಂತ ನಾಲ್ಕು. ಮೊದಲ ಹಂತ ಅಂದರೆ ಸುಲಭ ಪದ, ಮರುಕಳಿಸುವ ಸಾಲು, 250 ಪದದೊಳಗೆ. ಆದರೆ ಹಂತ ಒಂದು ಅಂತ ಇದ್ದಮಾತ್ರಕ್ಕೆ ನಂಬಬೇಡಿ. ಒತ್ತಕ್ಷರ ಎಷ್ಟಿದೆ ಅನ್ನುವುದನ್ನು ಆ ಗುರುತು ಹೇಳುವುದಿಲ್ಲ. ಬೇರೆ ಭಾಷೆಯಿಂದ ಬಂದ ಕಥೆಯಾದರೆ ಎರಡು ಪುಟ ಜೋರಾಗಿ ಓದಿ ನೋಡಿ. ನಿಮ್ಮ ನಾಲಿಗೆ ತಡವರಿಸಿದರೆ ಮಗುವಿನದ್ದು ಇನ್ನೇನು?

ಆರಿಸಲು ಫೋನು ಒಳ್ಳೆಯದು, ಓದಿಸಲು ಕಾಗದ. ಚಿಕ್ಕ ಪರದೆಯಲ್ಲಿ ಕನ್ನಡದ ಸೂಕ್ಷ್ಮ ಕಳೆದುಹೋಗುತ್ತದೆ. ದ-ಧ, ಬ-ಭ, ಪ-ಷ, ಎ-ಏ ಇವುಗಳ ನಡುವೆ ಇರುವುದು ಒಂದು ಸಣ್ಣ ಗೆರೆ ಅಷ್ಟೆ. ಅಚ್ಚಿನ ಪುಸ್ತಕದಲ್ಲೂ ಇದನ್ನು ನೋಡಿ. ದಪ್ಪ, ಬಳುಕುವ ಅಲಂಕಾರದ ಅಕ್ಷರ, ಹುಲಿಯ ಪಟ್ಟೆಯ ಮೇಲೇ ಅಚ್ಚಾದ ಸಾಲು: ಇಂಥದ್ದು ಎಷ್ಟೇ ಚೆಂದ ಇದ್ದರೂ ಬೇಡ. ಬಿಳಿ ಜಾಗದ ಮೇಲೆ ಕಪ್ಪು ಅಕ್ಷರ, ಪ್ರತಿ ಪುಟದಲ್ಲೂ ಒಂದೇ ಕಡೆ ಸಾಲು ಇರಬೇಕು.

ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿ ನೋಡಿ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಅಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಇದೆ. ಮರಳುವ ವಾಕ್ಯದ ಪುಸ್ತಕಕ್ಕೆ ಮಾತ್ರ ಎರವಲು ಸಾಲದು. ಅದನ್ನು ಮಗು ಹರಿದುಹೋಗುವಷ್ಟು ಸಲ ಓದಬೇಕು, ಸ್ವಂತದ್ದೇ ಇರಲಿ.

ಹುಡುಕಿದರೂ ಹಾಗೆ ಬೇಕಾದದ್ದು ಸಿಗದಿದ್ದರೆ ಮನೆಯಲ್ಲೇ ಮಾಡಿ. ಬೀದಿಯಲ್ಲಿ ಕಾಣುವ ಪ್ರಾಣಿಗಳ ಫೋಟೊ ತೆಗೆದು ಮುದ್ರಿಸಿ, ನೋಟ್ ಪುಸ್ತಕದ ಎಡ ಪುಟಕ್ಕೆ ಅಂಟಿಸಿ, ಬಲ ಪುಟದಲ್ಲಿ ದಪ್ಪ ಸ್ಕೆಚ್ ಪೆನ್ನಿನಲ್ಲಿ ಸಾಲು ಬರೆಯಿರಿ. ‘ಹಸು ಎಲ್ಲಿ? ಗೇಟಿನ ಬಳಿ.’ ‘ಅಳಿಲು ಎಲ್ಲಿ? ಮರದ ಬಳಿ.’ ಹೀಗೆ ಎಂಟು ಜೋಡಿ ಪುಟ ಸಾಕು. ಮೊದಲ ಆರು ಜೋಡಿಗೆ ಒತ್ತಿಲ್ಲದ ಪ್ರಾಣಿಗಳು, ಕೊನೆಯ ಎರಡಕ್ಕೆ ಬೆಕ್ಕು, ಗುಬ್ಬಿ. ‘ಎಲ್ಲಿ’ಯಲ್ಲೇ ಒಂದು ಒತ್ತು ಇದೆಯಲ್ಲ ಅಂತ ಕೇಳಬಹುದು. ಇದೆ, ಆದರೆ ಅದು ಎಂಟು ಸಲ ಅದೇ ಜಾಗದಲ್ಲಿ ಬರುತ್ತದೆ. ‘ಹಲ್ಲಿ’ ಬಂದ ದಿನ ಆ ‘ಲ್ಲಿ’ಯನ್ನು ಮಗುವೇ ತೋರಿಸುತ್ತದೆ.